ಎರಡನೇ ಚುಚ್ಚು

ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಇಬ್ಬರಿಗೂ ಒಂದೇ ಕೆಲಸ: ಬಂದವರ ತೋಳಿಗೆ ಪಟ್ಟಿ ಬಿಗಿದು, ಸೂಜಿ ಚುಚ್ಚಿ, ರಕ್ತ ತೆಗೆಯುವುದು. ಕಿಟಕಿ ಪಕ್ಕ ಕೂರುವವನಿಗೆ ಎಲ್ಲರೂ ಇಟ್ಟ ಹೆಸರು 'ಒಂದೇ ಚುಚ್ಚು'. ಎಲ್ಲರೂ ಅಂದರೆ ಅವನೇ. ಬಾಗಿಲ ಪಕ್ಕದ ಅಕ್ಕನಿಗೆ ಹೆಸರಿಡುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಅವನು ಸುಳ್ಳುಗಾರನೇನಲ್ಲ, ಪಾಪ. ಚುಚ್ಚುತ್ತಿದ್ದುದೇ ಒಂದು ಸಲ. ನರ ಸಿಕ್ಕಿದರೆ ತನ್ನ ಕೈಗುಣ. ಸಿಗದಿದ್ದರೆ, "ಇವರ ನರಾನೇ ಸರಿಯಿಲ್ಲ, ಅಕ್ಕಾ, ನೀವು ನೋಡಿ" ಎಂದು ಬಾಗಿಲ ಕಡೆ ಸಾಗಹಾಕುತ್ತಿದ್ದ. ಹೀಗೆ ಸೊರಗಿದ ಕೈ, ಊದಿದ ಕೈ, ಹೆದರಿ ಮುಷ್ಟಿ ಬಿಡದ ಅಜ್ಜಿಯರು, ಎಲ್ಲ ಅಕ್ಕನ ಪಾಲು. ಅವಳಿಗೂ ಆಗೊಮ್ಮೆ ಈಗೊಮ್ಮೆ ತಪ್ಪುತ್ತಿತ್ತು. ತಪ್ಪಿದ್ದನ್ನಷ್ಟೇ ತಲೆಯಲ್ಲಿ ಹೊತ್ತು ಮನೆಗೆ ಹೋಗುವ ಹೆಂಗಸು. ಸಿಕ್ಕಿದ್ದೆಲ್ಲ ಅಲ್ಲೇ ಮರೆತುಹೋಗುತ್ತಿತ್ತು.

ಮಕ್ಕಳ ವಾರ್ಡಿಗೆ ಒಬ್ಬರು ಬೇಕೆಂದಾಗ ಅವನು ಎದೆಯುಬ್ಬಿಸಿ ಹೆಸರು ಕೊಟ್ಟ. ವರ್ಷಗಟ್ಟಲೆ ಆ ವಾರ್ಡಿಗೆ ಆಸೆಪಟ್ಟಿದ್ದ ಅಕ್ಕ, ನನ್ನನ್ನು ಚೀಟಿ ಬರೆಯುವ ಮೇಜಿಗೆ ಹಾಕಿ ಎಂದು ಅರ್ಜಿ ಬರೆದಳು. ಎಂಥ ಬುದ್ಧಿವಂತೆ ನೋಡಿ!

ಹಿರಿಯ ನರ್ಸಮ್ಮ ಅರ್ಜಿ ಓದಿ ಇಬ್ಬರನ್ನೂ ಕರೆದರು. "ಒಂದು ವಾರ ಯಾರೂ ಯಾರಿಗೂ ಸಾಗಹಾಕೋ ಹಾಗಿಲ್ಲ. ಎರಡು ಸಲ ತಪ್ಪಿದ್ರೆ ನನ್ನ ಕರೀರಿ. ಚುಚ್ಚೋ ಮುಂಚೆ ಸಿಗುತ್ತೋ ಇಲ್ವೋ ಅಂತ ಬರೀರಿ. ಆಮೇಲೆ ಏನಾಯ್ತು ಅಂತ ಪಕ್ಕದಲ್ಲೇ ಬರೀರಿ."

ಎರಡೇ ದಿನಕ್ಕೆ ಅವನ ಹಾಳೆಯಲ್ಲಿ 'ಸಿಗುತ್ತೆ'ಗಳ ಪಕ್ಕ 'ಸಿಗಲಿಲ್ಲ'ಗಳು ಸಾಲುಗಟ್ಟಿದವು. ಅಕ್ಕನದು ತದ್ವಿರುದ್ಧ, 'ಸಿಗಲ್ಲ'ಗಳ ಪಕ್ಕ 'ಸಿಕ್ತು'ಗಳು. ಮೂರನೇ ದಿನ ಅವನು ಮುಖ ಸಪ್ಪೆ ಮಾಡಿಕೊಂಡು ಬಂದ.

"ಅಕ್ಕಾ, ನೀವು ಹೇಗೆ ಹುಡುಕ್ತೀರಿ? ಸ್ವಲ್ಪ ಹೇಳ್ಕೊಡಿ."

"ನನಗೇನು ಗೊತ್ತು ಮಣ್ಣು" ಎನ್ನುತ್ತಲೇ ಶುರುಮಾಡಿದಳು. "ಕಣ್ಣಿಗೆ ಕಂಡಿದ್ದನ್ನ ನಂಬಬೇಡ, ಬೆರಳಲ್ಲಿ ಒತ್ತಿ ನೋಡು, ಪುಟಿದು ಬರ್ಬೇಕು. ಕೈ ತಣ್ಣಗಿದ್ರೆ ಮೊದಲು ಬೆಚ್ಚಗೆ ಮಾಡು. ಮಾತಾಡಿಸ್ತಾ ಇರು, ಮುಷ್ಟಿ ತಾನಾಗೇ ಸಡಿಲ ಆಗುತ್ತೆ..." ಅರ್ಧ ಗಂಟೆಯಾದರೂ ಮುಗಿಯಲಿಲ್ಲ. ನಡುವೆ ಅವಳಿಗೇ ಅಚ್ಚರಿ. ಇಷ್ಟೆಲ್ಲ ತನಗೆ ಯಾವಾಗ ಗೊತ್ತಾಯಿತು? ಖುಷಿಯಾಯಿತು. ಇಷ್ಟು ವರ್ಷ ತನ್ನನ್ನು ತಾನೇ ಹಳಿದುಕೊಂಡದ್ದಕ್ಕೆ ಸಿಟ್ಟೂ ಬಂತು.

ವಾರ ಮುಗಿದಾಗ ನರ್ಸಮ್ಮ ಎರಡೂ ಹಾಳೆ ಮುಂದಿಟ್ಟರು.

"ವಾರ್ಡಿಗೆ ಅಕ್ಕಾನೇ ಹೋಗ್ಲಿ ಮೇಡಂ" ಎಂದ ಅವನು.

"ನಿಮ್ಮನ್ನ ಕೇಳಿಲ್ಲ" ಎಂದು ಅವರು ಅಕ್ಕನ ಕಡೆ ತಿರುಗಿದರು. "ಮಕ್ಕಳ ಕೈಯಲ್ಲಿ ನಿಮಗೆ ನರ ಸಿಗುತ್ತಾ?"

ಇಲ್ಲ ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡಳು.

"ಹತ್ತರಲ್ಲಿ ಒಂದು ತಪ್ಪುತ್ತೆ ಮೇಡಂ. ಒಂಬತ್ತು ಸಿಗುತ್ತೆ. ಹೋಗ್ತೀನಿ."