ನಕಲು ಪಟ್ಟಿಯ ಕರೆಗೆ ಬಂದವರು

ಗೆಳೆಯರೇ, ಇವತ್ತು ನನ್ನಿಂದ ಒಂದು ತಪ್ಪಾಯಿತು. ನಾನು ಕೆಲಸ ಮಾಡುವ ಹೊಸದುರ್ಗದ ರಕ್ತದಾನಿಗಳ ಬಳಗದಲ್ಲಿ, ಹೊಸ ತಂತ್ರಾಂಶವನ್ನು ಪರೀಕ್ಷಿಸಲೆಂದು ದಾನಿಗಳ ಡೇಟಾಬೇಸನ್ನು ಇನ್ನೊಂದು ಕಂಪ್ಯೂಟರಿಗೆ ನಕಲು ಮಾಡಿದ್ದೆವು. ನಕಲೇ ತಾನೆ ಎಂದುಕೊಂಡು, ‘ಬಿ ನೆಗೆಟಿವ್ ರಕ್ತ ತುರ್ತಾಗಿ ಬೇಕು’ ಎಂದು ಬರೆದು ಗುಂಡಿ ಒತ್ತಿದೆ. ಅದರಲ್ಲಿದ್ದ ಫೋನ್ ನಂಬರುಗಳನ್ನು ಬದಲಿಸಿರಲಿಲ್ಲ; ಸಂದೇಶ ಆ ಗುಂಪಿನ ಐವರು ನಿಜವಾದ ದಾನಿಗಳಿಗೇ ಹೋಗಿಬಿಟ್ಟಿತ್ತು.

ಮಧ್ಯಾಹ್ನ ಚಿಕ್ಕಜಾಜೂರಿನಿಂದ ರೈಲ್ವೆ ನೌಕರರೊಬ್ಬರು ಬೈಕಿನಲ್ಲಿ ಬಂದಿಳಿದರು. ಅಂಗಿಯ ತೋಳನ್ನು ಆಗಲೇ ಮಡಚಿಕೊಂಡಿದ್ದರು.

“ಪೇಷೆಂಟು ಎಲ್ಲಿದಾರಮ್ಮ?”

“ಯಾರೂ ಇಲ್ಲ ಸರ್. ಅದು ಟೆಸ್ಟಿಂಗಿಗೆ ಮಾಡಿದ ನಕಲು ಪಟ್ಟಿ...”

“ಪಟ್ಟಿ ನಕಲಿರಬೌದು. ನಂಬರು ನಂದೇ ಐತಲ್ಲಮ್ಮ.”

ಕುರ್ಚಿ ಎಳೆದು ಕೂರಿಸಿ, ನೀರು ತಂದುಕೊಟ್ಟೆ. ಅವರು ನೀರು ಕುಡಿದು, ತೋಳು ಇಳಿಸಿಕೊಂಡರು.

“ಯಾರಿಗೂ ಏನೂ ಆಗಿಲ್ಲಲ್ಲ, ಅಷ್ಟು ಸಾಕು ಬಿಡು. ಆದ್ರೆ ಮುಂದಿನ ಸಲ ಮೆಸೇಜ್ ಬಂದ್ರೆ ಹೊರಡ್ಲೋ, ನಿಜವೋ ಸುಳ್ಳೋ ಅಂತ ಕೇಳ್ಲೋ? ಕೇಳ್ತಾ ಕುಂತ್ರೆ ತಡ ಆಗ್ತೈತಮ್ಮ.”

ಸಂದೇಶ ಹೋಗಿದ್ದ ಉಳಿದ ನಾಲ್ವರಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ. ನಕಲು ಪಟ್ಟಿಯ ಪ್ರತಿ ಹೆಸರಿನ ಮುಂದೆಯೂ ನನ್ನ ನಂಬರನ್ನೇ ಹಾಕಿದೆ. ಸಂಜೆಯಿಂದ ಟೆಸ್ಟಿಂಗಿಗೆ ಕಳಿಸುವ, ರಕ್ತ ಕೇಳುವ ಸಂದೇಶಗಳೆಲ್ಲ ನನಗೇ ಬರುತ್ತಿವೆ. ಸೂಜಿಗೆ ಹೆದರಿ ನಾನು ಇದುವರೆಗೆ ನನ್ನ ರಕ್ತದ ಗುಂಪನ್ನೂ ಪರೀಕ್ಷಿಸಿಕೊಂಡಿಲ್ಲ.