ಕಾಜಕ್ಕನ ಮಂಗಳವಾರಗಳು

ಅಂಗಿಯ ಗುಂಡಿ ತೂರಿಸುವ ತೂತಿಗೆ ದರ್ಜಿಗಳು ಕಾಜಾ ಎನ್ನುತ್ತಾರೆ. ಮೂವತ್ತೊಂದು ವರ್ಷದಿಂದ ಅದೊಂದನ್ನೇ ಕೈಯಲ್ಲಿ ಹೊಲಿಯುತ್ತ ಬಂದವಳಿಗೆ ಕಾಜಕ್ಕ ಎಂಬ ಹೆಸರೇ ಅಂಟಿಕೊಂಡಿತ್ತು. ತಂದೆ-ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಓದಿಸಿದಳು, ಅವನ ಮದುವೆ ಮಾಡಿದಳು, ತಾನು ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಉಳಿದಳು. ಸೋಮವಾರ ಸೋಮವಾರ ದರ್ಜಿ ಅಂಗಡಿಯವನು ಅಂಗಿಗಳ ಗಂಟು ತಂದುಹಾಕಿ, ಹೊಲಿದದ್ದನ್ನು ಒಯ್ಯುತ್ತಿದ್ದ. ಬಾಯಿ ಬಿಟ್ಟರೆ ಮುತ್ತು ಉದುರುತ್ತದೇನೋ ಎಂಬಂಥ ಆಸಾಮಿ ಅವನು.

ಹೋದ ವರ್ಷ ಅವಳು ಬಚ್ಚಲಲ್ಲಿ ಜಾರಿ ಬಿದ್ದು, ಅವನು ಬರುವ ತನಕ ಅರ್ಧ ದಿನ ಅಲ್ಲೇ ಬಿದ್ದಿದ್ದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ತಮ್ಮ ಹೌಹಾರಿಬಿಟ್ಟ. ಬಚ್ಚಲಿಗೆ, ನಲ್ಲಿಗೆ, ಫ್ರಿಜ್ಜಿನ ಬಾಗಿಲಿಗೆ ಬೆಂಕಿಪೊಟ್ಟಣದಷ್ಟು ಪುಟ್ಟ ಸೆನ್ಸರ್‌ಗಳನ್ನು ಹಾಕಿಸಿದ. ಬೆಳಿಗ್ಗೆ ಅಕ್ಕ ಎದ್ದು ಓಡಾಡಿದರೆ 'ಎಲ್ಲ ಸರಿಯಿದೆ' ಎಂದು ಅವನ ಫೋನಿಗೆ ಸುದ್ದಿ ಹೋಗುತ್ತದೆ. ಹತ್ತು ಗಂಟೆಯಾದರೂ ಏನೂ ಅಲುಗದಿದ್ದರೆ ಎಚ್ಚರಿಕೆ ಹೋಗುತ್ತದೆ.

"ಗೋಡೆಗೆ ಕಿವಿ ಇತ್ತು, ಈಗ ಕಣ್ಣೂ ಬಂತು. ಮಲಗೋ ಕೋಣೆಗೆ ಮಾತ್ರ ಬೇಡಪ್ಪ," ಎಂದಿದ್ದಳು ಕಾಜಕ್ಕ.

ಒಂದು ಮಂಗಳವಾರ ಜ್ವರ ಬಂದು ಮಲಗಿಯೇ ಇದ್ದಳು. ಹತ್ತಕ್ಕೆ ಸರಿಯಾಗಿ ಫೋನು ಬಂತು.

"ಅಕ್ಕಾ! ಹುಷಾರಾಗಿದ್ದೀಯಾ? ಜೀವ ಬಾಯಿಗೆ ಬಂದಿತ್ತು ಕಣೇ!"

ಆಮೇಲೆ ಮಗಳ ಹಲ್ಲುನೋವು, ಡಿಪೋಗೆ ಬಂದ ಹೊಸ ಸಾಹೇಬನ ಕಾಟ, ತನ್ನ ಮಂಡಿನೋವು, ಎಲ್ಲ ಹೇಳಿಕೊಂಡ. ಇಪ್ಪತ್ತು ನಿಮಿಷ! ಅವಳಾಗಿಯೇ ಫೋನ್ ಮಾಡಿದಾಗಲೆಲ್ಲ "ಏನಾದ್ರೂ ಬೇಕಿತ್ತಾ ಅಕ್ಕಾ?" ಎನ್ನುತ್ತಿದ್ದ. ಏನಿಲ್ಲ ಎಂದರೆ "ಸರಿ ಹಾಗಾದ್ರೆ" ಎಂದು ಇಟ್ಟುಬಿಡುತ್ತಿದ್ದ. ಕೆಟ್ಟವನಲ್ಲ. ಏನೂ ಬೇಡದವರ ಹತ್ತಿರ ಏನು ಮಾತಾಡಬೇಕೆಂದು ಗೊತ್ತಿಲ್ಲದವನು, ಅಷ್ಟೆ.

ಮುಂದಿನ ಮಂಗಳವಾರ ಅವಳಿಗೆ ಜ್ವರವಿರಲಿಲ್ಲ. ಆದರೂ ಹಾಸಿಗೆ ಬಿಟ್ಟಿಳಿಯಲಿಲ್ಲ. ಅದರ ಮುಂದಿನ ವಾರವೂ ಅಷ್ಟೆ. ದಿನವೂ ಹೀಗೆ ಮಾಡಿದರೆ ಗುಟ್ಟು ರಟ್ಟಾಗುತ್ತದೆಂಬ ಬುದ್ಧಿ ಇತ್ತಲ್ಲ! ಆರಕ್ಕೇ ಎಚ್ಚರವಾದರೂ ಗೋಡೆಗೊರಗಿ ಕಾಜಾ ಹೊಲಿಯುತ್ತ ಕೂರುತ್ತಿದ್ದಳು. ಚಹಾ ಇಲ್ಲ, ನೀರಿಲ್ಲ, ಬಚ್ಚಲಿಗೆ ಹೋಗುವಂತಿಲ್ಲ. ಹತ್ತಕ್ಕೆ ಎರಡು ನಿಮಿಷ ಇರುವಾಗ ಸೂಜಿ ಕೆಳಗಿಟ್ಟು, ಫೋನಿನಲ್ಲಿ ಮುಖ ಕಾಣುತ್ತದೇನೋ ಎಂಬಂತೆ ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದಳು.

"ಸೋಮವಾರ ಗಂಟು ಬರುತ್ತಲ್ಲೋ, ಮಾರನೇ ದಿನ ಸುಸ್ತು. ಎಚ್ಚರಾನೇ ಆಗಲ್ಲ," ಎಂದು ಸುಳ್ಳು ಹೇಳುತ್ತಿದ್ದಳು. ನಾಚಿಕೆಯಾಗುತ್ತಿತ್ತು. ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಎನ್ನುತ್ತಾರೆ. ಒಂಟಿತನ ನಾಚಿಕೆಯನ್ನು ಅರಿಯುತ್ತದೆ, ಆದರೆ ಲೆಕ್ಕಕ್ಕಿಡುವುದಿಲ್ಲ.

ಏಳನೆಯ ಮಂಗಳವಾರ ತಮ್ಮ ನಕ್ಕ.

"ಜೀವಮಾನವಿಡೀ ದುಡಿದಿದ್ದೀಯಾ ಅಕ್ಕಾ, ಈಗಲಾದ್ರೂ ಹೊತ್ತೇರೋ ತನಕ ಮಲಗು. ಸುಮ್ಸುಮ್ನೆ ಫೋನ್ ಮಾಡಿ ನಿದ್ದೆ ಕೆಡಿಸ್ತೀನಿ ಅಂತ ಇವಳು ಬೈದ್ಲು. ಮಂಗಳವಾರ ಎಚ್ಚರಿಕೆ ಬರೋ ಟೈಮ್ ಹತ್ತರಿಂದ ಒಂದು ಗಂಟೆಗೆ ಬದಲಾಯಿಸಿದ್ದೀನಿ. ಆರಾಮಾಗಿರು."

'ನಂಗೆ ನಿದ್ದೆ ಬೇಡ ಕಣೋ, ನಿನ್ನ ಮಾತು ಬೇಕು.' ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು.

"ಒಳ್ಳೇದಾಯ್ತು ಬಿಡು," ಎಂದಳು.

ಮರುವಾರ ಒಂದು ಗಂಟೆಯವರೆಗೂ ಕೂರುವುದೆಂದು ಹಟ ತೊಟ್ಟಳು. ಹನ್ನೊಂದಕ್ಕೆ ಎರಡು ಅಂಗಿ ಮುಗಿದವು. ಹನ್ನೆರಡಕ್ಕೆ ಗಂಟಲು ಒಣಗಿ, ಕಿಬ್ಬೊಟ್ಟೆ ಹಿಂಡತೊಡಗಿತು. ಹಲ್ಲು ಕಚ್ಚಿ ಕೂತಳು. ಇನ್ನು ಹದಿನೈದು ನಿಮಿಷವಿದೆ ಎನ್ನುವಾಗ ಐವತ್ತೆಂಟರ ದೇಹ ಅವಳ ಮಾತು ಕೇಳಲಿಲ್ಲ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದಳು. ಬಳಿಕ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡು, ಅಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತಳು.

ಅಕ್ಕ ಎದ್ದಿದ್ದಾಳೆ, ಎಲ್ಲ ಸರಿಯಿದೆ ಎಂಬ ಸುದ್ದಿ ತಮ್ಮನಿಗೆ ತಲುಪಿತು. ಅವನು ನೆಮ್ಮದಿಯಿಂದ ಊಟಕ್ಕೆ ಕೂತ.