ಹೂಂಗುಟ್ಟಿದ ತಪ್ಪಿಗೆ

ನನ್ನ ಗೆಳತಿ ಧಾರವಾಡದವಳು. ಅವಳಷ್ಟು ಚೆನ್ನಾಗಿ ಹೂಂಗುಟ್ಟುವವರನ್ನು ನಾನು ಕಂಡಿಲ್ಲ. ನೀವು ಏನೇ ಹೇಳಿ, ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಅವಳ ಹೂಂ ಬಂದಿರುತ್ತದೆ. ಒಪ್ಪಿದ್ದೇನೆ ಎಂದಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳು ಎಂದು. ಮೈಸೂರಿನವಳಾದ ನಾನೂ ಅನ್ನುತ್ತೇನೆ, ಆದರೆ ಅಷ್ಟು ಧಾರಾಳವಾಗಿ ಅಲ್ಲ.

ಈ ದೇಶಕ್ಕೆ ಬಂದ ಮೇಲೆ ಅವಳು ಲಿವೋನಿಯಾ ಎಂಬ ಊರಿನ ಹತ್ತಿರದ ಸರ್ಕಾರಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಅದನ್ನು ಬಿಟ್ಟು ಚಾರ್ಟರ್ ಶಾಲೆ ತೆರೆಯಲು ಹೊರಟಳು. ಚಾರ್ಟರ್ ಎಂದರೆ ದುಡ್ಡು ಸರ್ಕಾರದ್ದು, ನಡೆಸುವವರು ಬೇರೆ. ನಡುವೆ ಯಾವುದಾದರೂ ಕಾಲೇಜು ಮಂಜೂರು ಮಾಡಬೇಕು. ಕಾಲೇಜೊಂದು ಮಂಜೂರು ಮಾಡಿಯೇಬಿಟ್ಟಿತು. ಅವಳೇ ಪ್ರಿನ್ಸಿಪಾಲ್, ನಾನು ಆಡಳಿತ ಮಂಡಳಿಯ ಸದಸ್ಯೆ. ಖಾಲಿ ಬಿದ್ದಿದ್ದ ಚರ್ಚ್ ಶಾಲೆಯ ಕಟ್ಟಡ ಸಿಕ್ಕಿತು, ಗೋಡೆಗೆ ಬಣ್ಣವೂ ಬಿತ್ತು. ಆಗಸ್ಟಿನಲ್ಲಿ ಬಾಗಿಲು ತೆರೆಯಬೇಕು. ತೆರೆಯದಿದ್ದರೆ ಅವಳಿಗೆ ಹಳೆಯ ಕೆಲಸವೂ ಇಲ್ಲ, ಹೊಸದೂ ಇಲ್ಲ.

ಅಷ್ಟರಲ್ಲಿ ಆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ಕೋರ್ಟಿಗೆ ಹೋಯಿತು. ಇಂಥ ತೀರ್ಮಾನ ಸಾರ್ವಜನಿಕ ಸಭೆಯಲ್ಲೇ ಆಗಬೇಕೆಂಬುದು ಕಾನೂನು. ಕಾಲೇಜಿನವರು ಒಳಗೊಳಗೇ ತೀರ್ಮಾನಿಸಿ, ಸಭೆಯಲ್ಲಿ ಸುಮ್ಮನೆ ಕೈ ಎತ್ತಿದರು ಎಂಬುದು ಅವರ ತಕರಾರು. ಅವರ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ನಮ್ಮಲ್ಲಿಗೆ ಬರುವ ಒಂದೊಂದು ಮಗುವಿನ ಜೊತೆ ಅವರ ಅನುದಾನವೂ ಹೋಗುತ್ತದೆ. ಆದರೆ ಅವರು ಹೇಳಿದಂಥದ್ದೇನೂ ನಡೆದಿರಲಿಲ್ಲ ಎಂದು ಗೆಳತಿ ಹೇಳಿದ್ದಳು, ನಾನು ನಂಬಿದ್ದೆ. ಈಗಲೂ ನಂಬುತ್ತೇನೆ.

ವಿಚಾರಣೆಗೆ ಮೊದಲು ಅವಳ ಹೇಳಿಕೆ ಪಡೆಯಲು ಡಿಸ್ಟ್ರಿಕ್ಟಿನ ವಕೀಲರು ತಮ್ಮ ಆಫೀಸಿಗೆ ಕರೆಸಿಕೊಂಡರು. ನಾನೇ ಡ್ರೈವ್ ಮಾಡಿ ಕರೆದುಕೊಂಡು ಹೋದೆ, ನಮ್ಮ ಕಡೆಯ ವಕೀಲನೂ ಬಂದಿದ್ದ. ಬಾಯಿಂದ ಬಿದ್ದದ್ದನ್ನೆಲ್ಲ ಟೈಪ್ ಮಾಡಲು ಒಬ್ಬಾಕೆ ಕೂತಿದ್ದಳು. ಆ ವಕೀಲರೋ, ಪ್ರಶ್ನೆ ಕೇಳುವವರಲ್ಲ, ಕಥೆ ಹೇಳುವವರು. ನೀವು ಕಾಲೇಜಿನ ಅಧಿಕಾರಿಯನ್ನು ಭೇಟಿ ಮಾಡಿದಿರಿ. ಹೂಂ. ಕಟ್ಟಡ ತೋರಿಸಿದಿರಿ. ಹೂಂ. ಅವರಿಗೆ ಮೆಚ್ಚುಗೆಯಾಯಿತು. ಹೂಂ. ಸಭೆಗೆ ಮೊದಲೇ, ಮಂಜೂರಾಗುತ್ತದೆಂದು ನಿಮಗೆ ಮಾತು ಕೊಟ್ಟರು. ಹೂಂ.

ಆ ಹೂಂ ಕೂಡ ಟೈಪಾಯಿತು. ವಕೀಲರು ಅಲ್ಲಿಗೇ ನಿಲ್ಲಿಸಿ, ಥ್ಯಾಂಕ್ಸ್ ಹೇಳಿ, ಬೇರೆ ವಿಷಯಕ್ಕೆ ಹೋದರು. ಇವಳು ಪಾಪ, ಕೊನೆಯಲ್ಲಿ ಪ್ರಶ್ನೆ ಬರುತ್ತದೆ, ಆಗ ಇಲ್ಲ ಅಂದರಾಯಿತು ಎಂದು ಕಾದುಕೊಂಡಿದ್ದಳು. ಪ್ರಶ್ನೆ ಬರಲೇ ಇಲ್ಲ. ನಮ್ಮ ವಕೀಲ ಆಮೇಲೆ ಅದನ್ನೇ ಕೆದಕಿ ಕೇಳಿ ಅವಳಿಂದ ಇಲ್ಲ ಅನ್ನಿಸಿದ. ಮೊದಲು ಹೌದೆಂದು ಆಮೇಲೆ ಇಲ್ಲವೆಂದವರ ಮಾತಿಗೆ ಏನು ಬೆಲೆ?

ವಾಪಸು ಬರುವಾಗ ನಾನು ತಡೆಯಲಾರದೆ ರೇಗಿದೆ. "ಅಲ್ವೇ, ಬುದ್ಧಿ ಬೇಡ್ವಾ ನಿಂಗೆ? ಅಲ್ಲೂ ಹೂಂ ಅಂತಾರಾ?"

"ಅಕ್ಕಾ, ಒಬ್ಬರು ಮಾತಾಡಾಕತ್ತಾಗ ಬಾಯಿ ಮುಚ್ಕೊಂಡು ಕುಂತ್ರ ಚೊಲೊ ಕಾಣ್ತದೇನು?" ಅಂದಳು.

ಟೈಪ್ ಮಾಡಿದಾಕೆ ತಪ್ಪಾಗಿ ಕೇಳಿಸಿಕೊಂಡಳು ಎಂದು ಬರೆದುಕೊಡಬಹುದೇ ಎಂದು ನಾನು ಸೂಚಿಸಿದ್ದೂ ಉಂಟು. ಅಂದದ್ದನ್ನು ಅಂದಿಲ್ಲ ಅನ್ನಲಾರೆ ಎಂದಳು. ಹಟಮಾರಿ. ನಮ್ಮ ವಕೀಲ ಅವಳಿಗೆ ಕಟ್ಟಪ್ಪಣೆ ಮಾಡಿದ: ಇನ್ನು ಮೇಲೆ ಯಾರು ಮಾತಾಡಿದರೂ ತುಟಿ ಪಿಟಕ್ಕೆನ್ನಬಾರದು, ಕೊನೆಯಲ್ಲಿ ಯೆಸ್ ಅಥವಾ ನೋ, ಅಷ್ಟೇ. ಅವಳು ಮನೆಯಲ್ಲಿ ಗಂಡನ ಮುಂದೆ ಅಭ್ಯಾಸ ಮಾಡಿದಳು. ಕೋರ್ಟಿನಲ್ಲಿ ನಮ್ಮ ವಕೀಲ ಹೂಂಗುಟ್ಟುವ ಪದ್ಧತಿಯ ಬಗ್ಗೆ ವಿವರಿಸಿದ. ನ್ಯಾಯಾಧೀಶೆ ಆಸಕ್ತಿಯಿಂದಲೇ ಕೇಳಿದರು.

ಜುಲೈನಲ್ಲಿ ತೀರ್ಪು ಬಂತು. ವೆಸ್ಟ್ ಬ್ಲೂಮ್‌ಫೀಲ್ಡ್‌ನ ನಮ್ಮ ಮನೆಯ ಅಡುಗೆಮನೆಯಲ್ಲಿ ಕೂತು, ಫೋನನ್ನು ಸ್ಪೀಕರಿಗೆ ಹಾಕಿ ಇಬ್ಬರೂ ಕೇಳಿದೆವು. ಮಂಜೂರಾತಿ ರದ್ದು, ಕಾಲೇಜು ಮತ್ತೆ ಸಭೆ ಕರೆಯಬೇಕು, ಮೇಲ್ಮನವಿ ಹಾಕಬಹುದು ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ವಕೀಲ ನಿಧಾನವಾಗಿ ಹೇಳುತ್ತಾ ಹೋದ. ಅವಳು ಮೇಜನ್ನೇ ನೋಡುತ್ತಿದ್ದಳು. ಆ ಕಡೆಯಿಂದ ಅವನು, ಲೈನಿನಲ್ಲಿದ್ದೀರಾ, ಕೇಳಿಸುತ್ತಿದೆಯಾ ಎಂದು ಮತ್ತೆ ಮತ್ತೆ ಕೇಳಿದ. ಇದ್ದಾಳೆ ಎಂದು ನಾನೇ ಹೇಳಬೇಕಾಯಿತು. ಕೊನೆಗೆ ಅವನು, ಹಾಗಾದರೆ ಈ ವರ್ಷ ಶಾಲೆ ಇಲ್ಲ, ಅರ್ಥವಾಯಿತು ತಾನೇ ಎಂದು ಕೇಳಿ ಸುಮ್ಮನಾದ.

ಅವಳು ಫೋನಿನ ಹತ್ತಿರ ಬಗ್ಗಿ, ಟೈಪ್ ಮಾಡುವವರಿಗೂ ಅನುಮಾನ ಬರದಷ್ಟು ಸ್ಪಷ್ಟವಾಗಿ, "ಯೆಸ್" ಅಂದಳು.